ನೀರಿಗೆ ಬಗ್ಗಬಾರದು, ನೆಲಕ್ಕೆ ಬಗ್ಗಬೇಕು: ಆಳವಿಲ್ಲದ ನೀರಿನಲ್ಲಿ ಕ್ಯಾಟಮರಾನ್ ಚುಕ್ಕಾಣಿ

ಕಳೆದ ಮಾರ್ಚಿನ ಒಂದು ಭಾನುವಾರ. ಪಣಜಿ ಪಕ್ಕದ ಕರಂಜಾಳೆ ತೀರದಿಂದ ದೋಣಿ ಇಳಿಸಿದ್ದೆವು. ಜೊತೆಗೆ ಹುಬ್ಬಳ್ಳಿಯಿಂದ ಬಂದ ಗೆಳೆಯರೊಬ್ಬರು ಇದ್ದರು. ಮಧ್ಯಾಹ್ನದ ಕಡಲಗಾಳಿ ಚೆನ್ನಾಗಿ ಬೀಸುತ್ತಿತ್ತು. ಟಿಲ್ಲರ್ ಅವರ ಕೈಗೆ ಕೊಟ್ಟೆ. ಚುಕ್ಕಾಣಿ ತಿರುಗಿಸುವ ಹಿಡಿಕೆ ಅದು. ಅರ್ಧ ಗಂಟೆ ಎರಡು ಬೆರಳಲ್ಲೇ ನಡೆಸಿದರು. ವಾಪಸ್ ಬರುವಾಗ ಮಿರಾಮಾರ್ ಕಡೆಯ ಮರಳ ದಿಬ್ಬದ ಅಂಚು ದಾಟಿದೆವು. ಹಿಂದೆ ‘ಖಟ್’ ಅಂತ ಸಣ್ಣ ಸದ್ದಾಯಿತು. ಅವರು ಎರಡೂ ಕೈ ಹಾಕಿ ಎಳೆಯತೊಡಗಿದರು.

“ಏನ್ರೀ ಇದು, ಒಮ್ಮೆಲೇ ಇಷ್ಟ್ ಬಿಗಿ ಆತಲ್ಲ? ಗಾಳಿ ಜೋರಾತೇನು?”

ಗಾಳಿ ಇದ್ದಷ್ಟೇ ಇತ್ತು. ಬಲಗಡೆಯ ಚುಕ್ಕಾಣಿಯ ಹಲಗೆ ಮರಳಿಗೆ ತಾಗಿ, ಅದನ್ನು ಕೆಳಗೆ ಹಿಡಿದಿಡುವ ಲಾಕ್ ಬಿಟ್ಟಿತ್ತು. ಹಿಂದಕ್ಕೆ ವಾಲಿ, ಅರ್ಧ ಮಡಚಿದಂತೆ ತೇಲುತ್ತಿತ್ತು. ಆ ಬದಿಯ ಟಿಲ್ಲರ್ ತೋಳು ಒಂದು ಗೇಣು ಮೇಲೆದ್ದಿತ್ತು. ನಾವು ಮುಂದೆ ನೋಡುತ್ತಿದ್ದೆವು, ಹಿಂದೆ ನೋಡಿರಲಿಲ್ಲ.

ಗೋವಾದಲ್ಲಿ, ಕಾರವಾರದಲ್ಲಿ ಹಾಯಿದೋಣಿ ಕಲಿಯುತ್ತಿರುವ ಕನ್ನಡದ ಗೆಳೆಯರು ನನಗೆ ಜಾಸ್ತಿ ಕೇಳುವ ಪ್ರಶ್ನೆ ಇದೇ. ಆಳ ಕಡಿಮೆ ಇರುವ ಕಡೆ ಚುಕ್ಕಾಣಿ ಯಾಕೆ ಹೀಗೆ ಆಡುತ್ತದೆ? ಹಲಗೆ ಎಷ್ಟು ಇಳಿಸಬೇಕು, ಎಷ್ಟು ಎತ್ತಬೇಕು? ಉತ್ತರ ದಡದ ಮೇಲೆ ಮಾಡುವ ತಯಾರಿಯಲ್ಲಿದೆ. ನೀರಿಗಿಳಿದ ಮೇಲೆ ಸರಿಮಾಡಲು ಹೋದರೆ ತಡವಾಗಿರುತ್ತದೆ.

ಈ ನದಿ, ಈ ನೆಲ

ಪಣಜಿಯ ಮಾಂಡೋವಿ ನಮಗೆ ಪರಕೀಯ ನದಿ ಅಲ್ಲ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಇಲ್ಲಿ ಮಾಂಡೋವಿ. ಮಳೆಗಾಲದಲ್ಲಿ ಅದು ಘಟ್ಟದಿಂದ ಮಣ್ಣು ತರುತ್ತದೆ. ಎದುರಿನಿಂದ ಸಮುದ್ರದ ದೊಡ್ಡ ಅಲೆಗಳು ಮರಳು ತಳ್ಳುತ್ತವೆ. ಎರಡೂ ಸೇರುವ ಅಳಿವೆ ಬಾಯಲ್ಲಿ, ಅಗ್ವಾದ ಕೋಟೆಯ ಕೆಳಗೆ, ಮರಳ ದಿಬ್ಬಗಳು ಏಳುತ್ತವೆ. ಪೋರ್ಚುಗೀಸರ ಕಾಲದಲ್ಲೂ ಮಳೆಗಾಲದಲ್ಲಿ ಈ ಬಾಯಿ ಹಡಗುಗಳಿಗೆ ಮುಚ್ಚಿಹೋಗುತ್ತಿತ್ತು. ಆಗ ಹಡಗುಗಳು ಜುವಾರಿ ನದಿ ಬದಿಯ ಮುರ್ಮುಗೋವಾಕ್ಕೆ ಹೋಗಿ, ಕುಂಬಾರ್ಜುವಾ ಕಾಲುವೆಯ ಮೂಲಕ ಒಳಗೆ ಸಂಪರ್ಕ ಇಟ್ಟುಕೊಳ್ಳುತ್ತಿದ್ದವು. ಮಳೆಗಾಲ ಮುಗಿದ ಮೇಲೆ ದಿಬ್ಬ ಹಿಂದಿನ ವರ್ಷದ ಜಾಗದಲ್ಲೇ ಇರುತ್ತದೆ ಅಂತ ನಂಬಬೇಡಿ.

ಇನ್ನು ಉಬ್ಬರ ಇಳಿತ. ಮುಂಬೈಯಲ್ಲಿ ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ನೀರು 4 ಮೀಟರಿಗಿಂತ ಜಾಸ್ತಿ ಏರಿ ಇಳಿಯುತ್ತದೆ. ಗೋವಾದಲ್ಲಿ ಅದು ಸುಮಾರು 2 ಮೀಟರ್. ಕಡಿಮೆ ಅನ್ನಿಸಬಹುದು. ಆದರೆ ನೀರು ಒಂದೇ ಸಮನೆ ಇಳಿಯುವುದಿಲ್ಲ. ಆರು ಗಂಟೆಯ ಇಳಿತದಲ್ಲಿ ಮೊದಲ ಗಂಟೆ ನಿಧಾನ, ಕೊನೆಯ ಗಂಟೆ ನಿಧಾನ. ನಡುವಿನ ಎರಡು ಗಂಟೆಯಲ್ಲಿ ಹೆಚ್ಚುಕಡಿಮೆ ಅರ್ಧ ನೀರು ಹೋಗಿಬಿಡುತ್ತದೆ. 2 ಮೀಟರಿನಲ್ಲಿ ಅರ್ಧ ಅಂದರೆ 1 ಮೀಟರ್. ಗಂಟೆಗೆ ಅರ್ಧ ಮೀಟರ್. ಹೋಗುವಾಗ ಸೊಂಟದುದ್ದ ನೀರಿದ್ದ ಜಾಗ, ಒಂದು ಗಂಟೆ ಸುತ್ತಾಡಿ ಬರುವಷ್ಟರಲ್ಲಿ ಮೊಣಕಾಲುದ್ದ ಆಗಿರುತ್ತದೆ. ನಮ್ಮ ಚುಕ್ಕಾಣಿ ನೆಲ ಮುಟ್ಟಿದ್ದು ಹೀಗೆಯೇ. ಹೋಗುವಾಗ ಅದೇ ಅಂಚಿನ ಮೇಲೆ ಆರಾಮಾಗಿ ದಾಟಿದ್ದೆವು.

ಬೋರ್ಡ್ ಯಾಕೆ ಬೇಕು

ಕ್ಯಾಟಮರಾನ್ ಅನ್ನುವ ಹೆಸರು ತಮಿಳಿನ ಕಟ್ಟುಮರಂನಿಂದ ಹೋದದ್ದು. ಕಟ್ಟು, ಮರ. ನಮಗೂ ಅರ್ಥ ಹೇಳಬೇಕಾಗಿಲ್ಲ. ಮೂಲ ಕಟ್ಟುಮರ ದಿಮ್ಮಿಗಳನ್ನು ಜೋಡಿಸಿ ಕಟ್ಟಿದ ತೆಪ್ಪ. ಈಗ ಆ ಹೆಸರು ಎರಡು ಉದ್ದನೆ ಒಡಲನ್ನು ಅಡ್ಡ ತೊಲೆಗಳಿಂದ ಸೇರಿಸಿದ ದೋಣಿಗೆ ನಿಂತಿದೆ. ಒಡಲು ಅಂದರೆ ನೀರಿನಲ್ಲಿ ಕೂರುವ ಭಾಗ. ಎರಡು ಒಡಲು ದೂರ ದೂರ ಇರುವುದರಿಂದ ದೋಣಿ ಸುಲಭಕ್ಕೆ ಮಗುಚುವುದಿಲ್ಲ. ಕಾರವಾರ, ಗೋವಾ ಕಡೆಯ ಮೀನುಗಾರರು ದೋಣಿಯ ಪಕ್ಕಕ್ಕೆ ಉಲಾಂಡಿ ಅನ್ನುವ ತೇಲುಮರ ಕಟ್ಟುವುದೂ ಇದೇ ಕಾರಣಕ್ಕೆ.

ಗಾಳಿ ಪಕ್ಕದಿಂದ ಬಂದಾಗ ಹಾಯಿ ದೋಣಿಯನ್ನು ಮುಂದಕ್ಕೂ ತಳ್ಳುತ್ತದೆ, ಪಕ್ಕಕ್ಕೂ ತಳ್ಳುತ್ತದೆ. ಪಕ್ಕಕ್ಕೆ ಜಾರದಂತೆ ತಡೆಯಲು ನೀರಿನೊಳಗೆ ಒಂದು ರೆಕ್ಕೆ ಬೇಕು. ದೊಡ್ಡ ದೋಣಿಗಳಿಗೆ ತಳದಲ್ಲಿ ಕೀಲ್ (keel) ಅನ್ನುವ ಖಾಯಂ ರೆಕ್ಕೆ ಇರುತ್ತದೆ. ಮಾಂಡೋವಿಯ ದಿವಾಡಿ ದ್ವೀಪದಲ್ಲಿ ಕಟ್ಟಿದ ನೌಕಾಪಡೆಯ ಹಾಯಿದೋಣಿ ‘ಮ್ಹಾದೆಯಿ’ ಅಂಥದ್ದು. ನಮ್ಮ ಮಹದಾಯಿಯ ಹೆಸರೇ ಅದಕ್ಕೆ. ದಿಲೀಪ್ ದೋಂಡೆ ಅದರಲ್ಲಿ ಒಬ್ಬರೇ ಜಗತ್ತು ಸುತ್ತಿ 2010ರಲ್ಲಿ ಮರಳಿದರು. ಆಳ ಸಾಗರಕ್ಕೆ ಆ ಕೀಲ್ ಬೇಕೇ ಬೇಕು. ಆದರೆ ಅಂಥ ದೋಣಿಯನ್ನು ಮಿರಾಮಾರ್ ಮರಳಿಗೆ ತಂದು ನಿಲ್ಲಿಸಲು ಆಗುವುದಿಲ್ಲ.

ದಡದಿಂದ ಇಳಿಸುವ ಚಿಕ್ಕ ಕ್ಯಾಟಮರಾನ್‌ಗಳಲ್ಲಿ ಈ ರೆಕ್ಕೆಯನ್ನು ಬೇರೆ ಬೇರೆ ರೀತಿ ಮಾಡಿದ್ದಾರೆ. ಕ್ಯಾಲಿಫೋರ್ನಿಯಾದ ಹೋಬಿ ಆಲ್ಟರ್ 1970ರ ಆಸುಪಾಸಿನಲ್ಲಿ ತಂದ ಹೋಬಿ 16ರಲ್ಲಿ ಬೋರ್ಡೇ ಇಲ್ಲ, ಅಂದರೆ ಒಡಲಿನಿಂದ ನೀರಿಗೆ ಇಳಿಸುವ ಹಲಗೆಯೇ ಇಲ್ಲ. ಅದರ ಒಡಲಿನ ಒಳಬದಿ ಉಬ್ಬು, ಹೊರಬದಿ ಚಪ್ಪಟೆ. ಆ ಆಕಾರವೇ ರೆಕ್ಕೆಯ ಕೆಲಸ ಮಾಡುತ್ತದೆ. ಚುಕ್ಕಾಣಿ ಎತ್ತಿದರೆ ಸುಮಾರು 25 ಸೆಂಟಿಮೀಟರ್ ನೀರು ಸಾಕು, ಇಳಿಸಿದರೆ ಸುಮಾರು 75. ಬ್ರಿಟನ್ನಿನ ರಾಡ್ನಿ ಮಾರ್ಚ್ ರೂಪಿಸಿದ ಡಾರ್ಟ್ 18ಕ್ಕೆ ಒಡಲಿನ ಅಡಿಯಲ್ಲೇ ಗಿಡ್ಡ ಏಣು ಇದೆ. ಅವರೇ 1967ರಲ್ಲಿ ಮಾಡಿದ ಟೊರ್ನಾಡೊಗೆ ಬೋರ್ಡ್ ಬೇಕು. 1976ರಿಂದ 2008ರವರೆಗೆ ಒಲಿಂಪಿಕ್ಸ್‌ನಲ್ಲಿ ಓಡಿದ ದೋಣಿ ಅದು.

ಬೋರ್ಡ್‌ನಲ್ಲೂ ಎರಡು ಜಾತಿ. ಡ್ಯಾಗರ್‌ಬೋರ್ಡ್ ಮೇಲಿಂದ ನೇರ ಕೆಳಕ್ಕೆ ಇಳಿಯುತ್ತದೆ, ಒರೆಗೆ ಕತ್ತಿ ಹಾಕಿದ ಹಾಗೆ. ಸೆಂಟರ್‌ಬೋರ್ಡ್ ಒಂದು ಬೋಲ್ಟಿನ ಮೇಲೆ ಹಿಂದಕ್ಕೆ ಮಡಚುತ್ತದೆ. ಆಳವಿಲ್ಲದ ನೀರಿನಲ್ಲಿ ಇವೆರಡರ ನಡುವಿನ ವ್ಯತ್ಯಾಸ ದುಡ್ಡಿನ ವ್ಯತ್ಯಾಸ. ಅದಕ್ಕೆ ಆಮೇಲೆ ಬರುತ್ತೇನೆ.

ಎರಡು ಕೀಲು, ಒಂದು ಲೆಕ್ಕ

ಚುಕ್ಕಾಣಿಯಲ್ಲಿ ಎರಡು ಕೀಲುಗಳಿವೆ. ಒಂದು, ಎಡಬಲ ತಿರುಗಿಸುವ ನಿಂತ ಪಿನ್. ಮನೆ ಬಾಗಿಲಿನ ಕೀಲಿನ ಹಾಗೆ. ಇನ್ನೊಂದು, ಹಲಗೆ ಹಿಂದಕ್ಕೆ ಮಡಚಿ ಮೇಲೇಳುವ ಅಡ್ಡ ಬೋಲ್ಟ್. ಅಡಕತ್ತರಿಯ ಕೀಲಿನ ಹಾಗೆ. ನೆಲ ತಾಗಿದಾಗ ಎರಡನೆಯದು ಕೆಲಸ ಮಾಡಬೇಕು. ಕೈಗೆ ಭಾರ ಬರುವುದು ಮೊದಲನೆಯದರಿಂದ. ಒಂದು ಕೆಟ್ಟರೆ ಇನ್ನೊಂದು ಯಾಕೆ ಕಾಡುತ್ತದೆ ಅನ್ನುವುದೇ ಇಲ್ಲಿಯ ಗುಟ್ಟು.

ದೋಣಿ ತಿರುಗುವಾಗ ನೀರು ಹಲಗೆಯನ್ನು ಪಕ್ಕಕ್ಕೆ ಒತ್ತುತ್ತದೆ. ಆ ಒತ್ತಡವೆಲ್ಲ ಒಂದೇ ಬಿಂದುವಿನಲ್ಲಿ ಬಿದ್ದಂತೆ ಲೆಕ್ಕ ಹಿಡಿಯಬಹುದು. ಒಳ್ಳೆ ಆಕಾರದ ಹಲಗೆಯಲ್ಲಿ ಆ ಬಿಂದು ಮುಂದಿನ ಅಂಚಿನಿಂದ ಅಗಲದ ಕಾಲು ಭಾಗದಲ್ಲಿ ಇರುತ್ತದೆ. ಹಲಗೆ 25 ಸೆಂಟಿಮೀಟರ್ ಅಗಲ ಇದ್ದರೆ, ಸುಮಾರು 6 ಸೆಂಟಿಮೀಟರ್ ಹಿಂದೆ. ಈಗ ಆ ನಿಂತ ಪಿನ್ನಿನ ಗೆರೆಯನ್ನು ಮನಸ್ಸಿನಲ್ಲೇ ಕೆಳಕ್ಕೆ ಎಳೆಯಿರಿ. ಒತ್ತಡದ ಬಿಂದು ಆ ಗೆರೆಗೆ ಹತ್ತಿರ ಇದ್ದಷ್ಟೂ ಕೈಗೆ ಹಗುರ. ದೂರ ಹೋದಷ್ಟೂ ಭಾರ. ಗಾಳಿಗೆ ಬಡಿದುಕೊಳ್ಳುವ ಬಾಗಿಲು ಅಗಲವಾದಷ್ಟೂ ಹಿಡಿಯುವುದು ಕಷ್ಟ, ಅಲ್ವಾ? ಹಾಗೆಯೇ.

ಒಂದು ಲೆಕ್ಕ ಮಾಡೋಣ. ಹಲಗೆಯ ಮೇಲೆ ಪಕ್ಕದ ಒತ್ತಡ 40 ಕೆಜಿ ಅಂತ ಇಟ್ಟುಕೊಳ್ಳಿ. ಟಿಲ್ಲರ್ ಉದ್ದ 80 ಸೆಂಟಿಮೀಟರ್. ಹಲಗೆ ಪೂರ್ತಿ ಇಳಿದು ಸರಿಯಾಗಿ ಕೂತಾಗ ಒತ್ತಡದ ಬಿಂದು ಪಿನ್ ಗೆರೆಯಿಂದ ಒಂದೂವರೆ ಸೆಂಟಿಮೀಟರ್ ಹಿಂದಿದೆ. ಕೈಗೆ ಬರುವ ಭಾರ ಮುಕ್ಕಾಲು ಕೆಜಿ. ಎರಡು ಬೆರಳು ಸಾಕು. ಈಗ ಹಲಗೆ ಹಿಂದಕ್ಕೆ 10 ಡಿಗ್ರಿ ವಾಲಿತು. ಒತ್ತಡದ ಬಿಂದು ಮಡಚುವ ಬೋಲ್ಟಿಗಿಂತ 45 ಸೆಂಟಿಮೀಟರ್ ಕೆಳಗಿದ್ದರೆ, ಅದು ಸುಮಾರು 8 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಕೈಗೆ 4.7 ಕೆಜಿ. 20 ಡಿಗ್ರಿ ವಾಲಿದರೆ ಸುಮಾರು 8.5 ಕೆಜಿ. ನೀರು ಅದೇ, ಗಾಳಿ ಅದೇ, ವೇಗ ಅದೇ. ಭಾರ ಹತ್ತು ಪಟ್ಟಿಗಿಂತ ಜಾಸ್ತಿ. ನನ್ನ ಗೆಳೆಯರ ಕೈಗೆ ಬಂದದ್ದು ಇದೇ ಲೆಕ್ಕ.

ಹಾಗಾಗಿ 10 ಡಿಗ್ರಿಯನ್ನು ಸಣ್ಣದು ಅನ್ನಬೇಡಿ. ಬೋಲ್ಟಿನ ತೂತು ಸವೆದು ಸಡಿಲವಾದರೆ, ಲಾಕ್ ಪೂರ್ತಿ ಕೂರದಿದ್ದರೆ, ಹಗ್ಗ ಸ್ವಲ್ಪ ಹಿಗ್ಗಿದರೆ, ಅಷ್ಟು ವಾಲುವುದು ಏನೂ ಕಷ್ಟವಲ್ಲ. ಎಷ್ಟೋ ಜನ ಇದನ್ನು ಹಾಯಿಯ ತಪ್ಪು ಅಂತ ತಿಳಿದು ಹಾಯಿಕಂಬದ ಓರೆ ಬದಲಿಸುತ್ತಾ ಕೂರುತ್ತಾರೆ. ಮೊದಲು ಚುಕ್ಕಾಣಿ ನೋಡಿ. ಆಮೇಲೆ ಕಂಬ.

ನೋಡುವುದು ಸುಲಭ. ದೋಣಿಯನ್ನು ದಡದಲ್ಲಿ ಎತ್ತರಿಸಿ ನಿಲ್ಲಿಸಿ, ಹಲಗೆ ಇಳಿಸಿ ಲಾಕ್ ಮಾಡಿ. ಒಂದು ನೇರ ಪಟ್ಟಿಯನ್ನು ನಿಂತ ಪಿನ್ನಿಗೆ ಸರಿಯಾಗಿ ಹಿಡಿದು, ಹಲಗೆಯ ಪಕ್ಕಕ್ಕೆ ಕೆಳಗಿನವರೆಗೂ ಬರುವಂತೆ ಇಡಿ. ತೂಗುಗುಂಡು ಇಲ್ಲಿ ಬೇಡ, ಯಾಕೆಂದರೆ ಪಿನ್ ಯಾವಾಗಲೂ ನೆಟ್ಟಗೆ ಇರುವುದಿಲ್ಲ. ಪಟ್ಟಿಗಿಂತ ಮುಂದೆ ಹಲಗೆಯ ಎಷ್ಟು ಭಾಗ ಬಂದಿದೆ ನೋಡಿ. ಅಗಲದ ಐದನೇ ಒಂದು ಭಾಗ ಮುಂದಿದ್ದರೆ ಚೆನ್ನ. ಕಾಲು ಭಾಗಕ್ಕಿಂತ ಜಾಸ್ತಿ ಮುಂದೆ ಬರಬಾರದು. ಆಗ ಚುಕ್ಕಾಣಿ ತನ್ನಷ್ಟಕ್ಕೇ ತಿರುಗಲು ನೋಡುತ್ತದೆ. ಕೈ ಬಿಟ್ಟರೆ ದೋಣಿ ಗಿರಕಿ ಹೊಡೆಯುತ್ತದೆ. ಸ್ವಲ್ಪ ಭಾರ ಉಳಿದಿರಬೇಕು. ಆ ಭಾರದಲ್ಲೇ ದೋಣಿ ಏನು ಮಾಡುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ.

ಎರಡೂ ಹಲಗೆ ಒಂದಕ್ಕೊಂದು ಸಮಾನಾಂತರ ಇವೆಯೇ ಅಂತಲೂ ಅಳೆದುಬಿಡಿ. ಮುಂದಿನ ಅಂಚುಗಳ ನಡುವಿನ ಅಂತರ ಹಿಂದಿನದಕ್ಕಿಂತ 2-3 ಮಿಲಿಮೀಟರ್ ಕಡಿಮೆ ಇದ್ದರೆ ತೊಂದರೆ ಇಲ್ಲ. ಜಾಸ್ತಿ ಇದ್ದರೆ ಎರಡು ಎತ್ತು ಬೇರೆ ಬೇರೆ ಕಡೆ ಎಳೆದ ಹಾಗೆ.

ಎಷ್ಟು ಬಲಕ್ಕೆ ಲಾಕ್ ಬಿಡಬೇಕು

ನನ್ನ ಮುಖ್ಯ ಮಾತು ಇದು. ಹಲಗೆ ನೀರಿನ ತಳ್ಳುವಿಕೆಗೆ ಒಂದಿಷ್ಟೂ ಬಗ್ಗಬಾರದು. ನೆಲದ ತಳ್ಳುವಿಕೆಗೆ ತಕ್ಷಣ ಬಗ್ಗಬೇಕು. ಎರಡೂ ಹಿಂದಕ್ಕೇ ತಳ್ಳುತ್ತವೆ. ಹಲಗೆಗೆ ಕಣ್ಣಿಲ್ಲ. ಅದಕ್ಕೆ ಗೊತ್ತಾಗುವುದು ಬಲ ಮಾತ್ರ. ಹಾಗಾಗಿ ನೀರು ಎಷ್ಟು ತಳ್ಳುತ್ತದೆ ಅಂತ ಲೆಕ್ಕ ಹಾಕಿ, ಅದಕ್ಕಿಂತ ಸ್ವಲ್ಪ ಮೇಲೆ ಗೆರೆ ಎಳೆಯಬೇಕು.

ನೀರಿನೊಳಗಿರುವ ಹಲಗೆ 60 ಸೆಂಟಿಮೀಟರ್ ಉದ್ದ, 25 ಅಗಲ ಅಂತಿಟ್ಟುಕೊಂಡರೆ, 10 ನಾಟ್ ವೇಗದಲ್ಲಿ ನೀರು ಅದನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 4 ಕೆಜಿ. 10 ನಾಟ್ ಅಂದರೆ ಗಂಟೆಗೆ 18.5 ಕಿಲೋಮೀಟರ್. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಅದೇ ಲೆಕ್ಕದಲ್ಲಿ 5 ನಾಟ್‌ಗೆ 1 ಕೆಜಿ, 15 ನಾಟ್‌ಗೆ 9 ಕೆಜಿ. ಇಷ್ಟೇನಾ ಅನ್ನಿಸಬಹುದು. ಆದರೆ ಈ ಬಲ ಹಲಗೆಯ ನಡುವೆ ಬೀಳುತ್ತದೆ, ಬೋಲ್ಟಿನಿಂದ 45 ಸೆಂಟಿಮೀಟರ್ ಕೆಳಗೆ. ಹಲಗೆಯನ್ನು ಕೆಳಗೆ ಹಿಡಿದಿಡುವ ಹಗ್ಗ ಕಟ್ಟಿರುವುದು ಬೋಲ್ಟಿನಿಂದ ಬರೀ 5 ಸೆಂಟಿಮೀಟರ್ ದೂರದಲ್ಲಿ. ಒಂಬತ್ತು ಪಟ್ಟು. 10 ನಾಟ್‌ನಲ್ಲಿ ಹಗ್ಗದ ಮೇಲೆ 36 ಕೆಜಿ. 15 ನಾಟ್‌ನಲ್ಲಿ 81 ಕೆಜಿ.

ರಬ್ಬರ್ ಬಳ್ಳಿಯಿಂದ ಹಲಗೆ ಇಳಿಸಿಟ್ಟರೆ ಯಾಕೆ ಸಾಲದು ಅಂತ ಈಗ ಗೊತ್ತಾಯಿತಲ್ಲ? ಸ್ಕೂಟರಿನ ಹಿಂದೆ ಸಾಮಾನು ಕಟ್ಟುವ ಬಳ್ಳಿಯಂಥದ್ದನ್ನು ಸುಮಾರು ಜನ ಹಾಕಿರುತ್ತಾರೆ. ನಿಧಾನ ಹೋಗುವಾಗ ಚೆನ್ನಾಗಿರುತ್ತದೆ. ಗಾಳಿ ಬಂದು ವೇಗ ಹೆಚ್ಚಿದ ತಕ್ಷಣ ಬಳ್ಳಿ ಹಿಗ್ಗುತ್ತದೆ, ಹಲಗೆ ವಾಲುತ್ತದೆ, ಕೈಗೆ ಭಾರ ಬರುತ್ತದೆ. ಚುಕ್ಕಾಣಿ ಅತಿ ಜಾಸ್ತಿ ಬೇಕಾದ ಹೊತ್ತಿಗೇ ಕೈಕೊಡುತ್ತದೆ. ಹಿಗ್ಗದ ಹಗ್ಗವೇ ಬೇಕು. ಡೈನೀಮಾ ಹಗ್ಗ ಒಳ್ಳೆಯದು. ಆದರೆ ಅದನ್ನು ಮಾಮೂಲಿ ಗಂಟು ಹಾಕಿ ಕಟ್ಟಿದರೆ ನೆಲ ತಾಗಿದಾಗ ಬಿಡುವುದಿಲ್ಲ. ಆಗ ಹಲಗೆ ಮುರಿಯುತ್ತದೆ, ಇಲ್ಲಾ ಹಿಂಬದಿಯ ಪಿನ್ ಹಿಡಿಕೆ ಒಡಲಿನಿಂದ ಕಿತ್ತು ಬರುತ್ತದೆ. ಅದಕ್ಕಾಗಿಯೇ ಆಟೋ ರಿಲೀಸ್ ಕ್ಲೀಟ್ ಅಂತ ಸಿಗುತ್ತದೆ. ಹಗ್ಗ ಕಚ್ಚಿ ಹಿಡಿಯುವ ಸಣ್ಣ ಸಾಧನ. ಎಳೆತ ಒಂದು ಮಿತಿ ದಾಟಿದರೆ ಬಾಯಿ ಬಿಡುತ್ತದೆ. ಮಿತಿಯನ್ನು ಸ್ಕ್ರೂನಿಂದ ಹೊಂದಿಸಬಹುದು. ಹೋಬಿ ಮಾದರಿಯಲ್ಲಿ ಹಗ್ಗವೇ ಇಲ್ಲ. ಸ್ಪ್ರಿಂಗ್ ಒತ್ತಿದ ಒಂದು ಗುಬುಟು ಕ್ಯಾಮ್ ಅನ್ನುವ ತಿರುಗುವ ತುಂಡಿಗೆ ಕಚ್ಚಿಕೊಂಡಿರುತ್ತದೆ. ಅದಕ್ಕೂ ಸ್ಕ್ರೂ ಇದೆ.

ಇವ್ಯಾವುವೂ ಕೈಗೆ ಸಿಗದಿದ್ದರೆ ಹಳೆಯ ಉಪಾಯ ಒಂದಿದೆ. ಗಟ್ಟಿ ಹಗ್ಗದ ನಡುವೆ ಒಂದು ಕಡೆ ತೆಳು ದಾರದ ಕುಣಿಕೆ ಹಾಕುವುದು. ಮನೆಯ ಕರೆಂಟಿನ ಫ್ಯೂಸ್ ಹೇಗೋ ಹಾಗೆ. ನೆಲ ತಾಗಿದರೆ ಎರಡು ರೂಪಾಯಿಯ ದಾರ ಹರಿಯುತ್ತದೆ, ಹಲಗೆ ಉಳಿಯುತ್ತದೆ. ಹೊನ್ನಾವರದ ಕಡೆಯ ನನ್ನ ಜೊತೆಗಾರ ಇದನ್ನೇ ವರ್ಷಗಟ್ಟಲೆ ನಂಬಿದ್ದಾನೆ. ಜೇಬಿನಲ್ಲಿ ಯಾವಾಗಲೂ ನಾಲ್ಕು ಕುಣಿಕೆ ಇಟ್ಟುಕೊಂಡಿರುತ್ತಾನೆ.

ಅಳತೆಗೆ ನಾನು ಬಳಸುವುದು ವಿಮಾನ ಪ್ರಯಾಣಕ್ಕೆ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ. ಹಲಗೆಯ ನಡುವೆ, ಬೋಲ್ಟಿನಿಂದ 45 ಸೆಂಟಿಮೀಟರ್ ಕೆಳಗೆ, ಒಂದು ಬಟ್ಟೆಯ ಪಟ್ಟಿ ಸುತ್ತಿ ತಕ್ಕಡಿ ಸಿಕ್ಕಿಸಿ ನೇರ ಹಿಂದಕ್ಕೆ ಎಳೆಯಿರಿ. ಎಷ್ಟು ಕೆಜಿಗೆ ಲಾಕ್ ಬಿಡುತ್ತದೆ ಬರೆದುಕೊಳ್ಳಿ. 5 ಮೀಟರಿನ ನಮ್ಮ ಹಗುರ ದೋಣಿಗೆ 13ರಿಂದ 15 ಕೆಜಿ ಇಟ್ಟಿದ್ದೇವೆ. 15 ನಾಟ್‌ನ 9 ಕೆಜಿಯ ಮೇಲೆ ಅಲೆಯ ಹೊಡೆತಕ್ಕೆ ಅಷ್ಟು ಅಂತರ ಬೇಕು. ನೆಲ ತಾಗುವುದು ತುದಿಗೆ, ಬೋಲ್ಟಿನಿಂದ 75 ಸೆಂಟಿಮೀಟರ್ ದೂರದಲ್ಲಿ. ಅಲ್ಲಿ 8-9 ಕೆಜಿ ತಳ್ಳಿದರೆ ಸಾಕು, ಲಾಕ್ ಬಿಡುತ್ತದೆ. ನಿಮ್ಮ ದೋಣಿಗೆ ನಿಮ್ಮ ಲೆಕ್ಕ ಮಾಡಿ. ಎರಡೂ ಬದಿ ಒಂದೇ ತೂಕಕ್ಕೆ ಬಿಡಬೇಕು ಅನ್ನುವುದು ಮಾತ್ರ ಎಲ್ಲರಿಗೂ ಒಂದೇ.

ಮಡಚುವ ಬೋಲ್ಟನ್ನು ಸಿಕ್ಕಾಪಟ್ಟೆ ಬಿಗಿ ಮಾಡಬೇಡಿ. ಪ್ಲಾಸ್ಟಿಕ್ ವಾಷರ್ ಹಾಕಿ, ಹಲಗೆ ಅಲುಗಾಡದಷ್ಟು ಮಾತ್ರ ಬಿಗಿ ಸಾಕು. ಗ್ರೀಸ್ ಹಚ್ಚಲೇಬೇಡಿ. ಮರಳು ಅಂಟಿ ಸಾಣೆಕಲ್ಲಿನಂತೆ ತೂತು ಸವೆಸುತ್ತದೆ.

ಬೋರ್ಡ್ ಇರುವವರಿಗೆ

ನಮ್ಮ ಮೊದಲ ದೋಣಿಗೆ ಡ್ಯಾಗರ್‌ಬೋರ್ಡ್ ಇತ್ತು. ಸೆಕೆಂಡ್ ಹ್ಯಾಂಡ್ ತಂದದ್ದು. ಚಾಪೋರಾ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬೋರ್ಡ್ ಪೂರ್ತಿ ಇಳಿಸಿಕೊಂಡು ಚೆನ್ನಾಗಿ ಓಡುತ್ತಿದ್ದೆವು. ಮರಳು ತಾಗಿತು. ಸೆಂಟರ್‌ಬೋರ್ಡ್ ಆಗಿದ್ದರೆ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಡ್ಯಾಗರ್‌ಬೋರ್ಡ್‌ಗೆ ಹೋಗಲು ದಾರಿ ಇಲ್ಲ. ನೀರಿನ ಕೆಳಗಿನ ತುದಿ ನಿಂತಿತು, ದೋಣಿ ಮುಂದೆ ಹೋಯಿತು. ಬೋರ್ಡ್ ಸನಿಕೆಯಂತೆ ಮೀಟಿ, ಒಡಲಿನ ತಳದಲ್ಲಿ, ಬೋರ್ಡ್ ಇಳಿಯುವ ಸೀಳಿನ ಹಿಂಬದಿಯನ್ನು ಒಡೆಯಿತು. ದಡ ಮುಟ್ಟುವಷ್ಟರಲ್ಲಿ ಎಡಗಡೆಯ ಒಡಲಿನಲ್ಲಿ ಮೊಳದುದ್ದ ನೀರು. ದೋಣಿಯನ್ನು ಎಳೆಯಲು ಆರು ಜನ ಬೇಕಾದರು.

ಫೈಬರ್ ಬಟ್ಟೆ, ಎಪಾಕ್ಸಿ ಹಾಕಿ ಸರಿ ಮಾಡಿದೆವು. ಆ ರಿಪೇರಿಯಲ್ಲೇ ಎರಡು ಬದಲಾವಣೆ ಮಾಡಿಕೊಂಡೆವು. ಸೀಳಿನ ಹಿಂಬದಿಗೆ ಗಟ್ಟಿ ರಬ್ಬರಿನ ತುಂಡು ಕೂರಿಸಿದೆವು. ಹೊಡೆತ ಬಿದ್ದರೆ ಮೊದಲು ಅದು ನಜ್ಜುಗುಜ್ಜಾಗಲಿ, ಒಡಲು ಉಳಿಯಲಿ ಅಂತ. ಬೋರ್ಡಿನ ಮೇಲೆ ಮೂರು ಬಣ್ಣದ ಗೆರೆ ಎಳೆದೆವು. ಪೂರ್ತಿ, ಅರ್ಧ, ಗಿಡ್ಡ. ಸೊಂಟದುದ್ದ ನೀರು ಬಂದರೆ ಅರ್ಧದ ಗೆರೆ, ಮೊಣಕಾಲು ಬಂದರೆ ಗಿಡ್ಡ. ಡ್ಯಾಗರ್‌ಬೋರ್ಡ್ ಇರುವವರು ನೆಲ ತಾಗುವ ಮೊದಲೇ ಎತ್ತಬೇಕು. ತಾಗಿದ ಮೇಲೆ ಅದು ಸೀಳಿನಲ್ಲಿ ಕಚ್ಚಿಕೊಂಡು ಮೇಲೆ ಬರುವುದೇ ಇಲ್ಲ.

ಅರ್ಧ ಎತ್ತಿದರೆ ದೋಣಿ ಪಕ್ಕಕ್ಕೆ ಜಾರುವುದು ಜಾಸ್ತಿಯಾಗುತ್ತದೆ. ಪೂರ್ತಿ ಬೋರ್ಡ್‌ನಲ್ಲಿ 4 ಡಿಗ್ರಿ ಜಾರುತ್ತಿದ್ದ ದೋಣಿ ಅರ್ಧ ಬೋರ್ಡ್‌ನಲ್ಲಿ ಹತ್ತಿರ ಹತ್ತಿರ 8 ಡಿಗ್ರಿ ಜಾರುತ್ತದೆ. 100 ಮೀಟರ್ ಹೋಗುವಾಗ 7 ಮೀಟರ್ ಇದ್ದದ್ದು 14 ಮೀಟರ್. ಕಿರಿದಾದ ಕಾಲುವೆಯಲ್ಲಿ ಅಷ್ಟು ಜಾರಿದರೆ ಆಚೆ ದಡದ ಕಲ್ಲಿಗೆ ಸಾಕು. ಇದಕ್ಕೆ ಮದ್ದು ವೇಗ. ನೀರಿನ ಹಿಡಿತ ವೇಗದ ವರ್ಗದಷ್ಟು ಬೆಳೆಯುತ್ತದೆ ಅಂದೆನಲ್ಲ. 5ರ ವರ್ಗ 25, 7ರ ವರ್ಗ 49. ಅಂದರೆ 5 ನಾಟ್ ಬದಲು 7 ನಾಟ್ ಓಡಿದರೆ ಅರ್ಧ ಬೋರ್ಡ್ ಪೂರ್ತಿ ಬೋರ್ಡಿನಷ್ಟೇ ಹಿಡಿಯುತ್ತದೆ. ಹಾಗಾಗಿ ಗಾಳಿಗೆ ತೀರಾ ಎದುರಾಗಿ ಹೋಗಲು ಹಟ ಮಾಡಬೇಡಿ. ಮೂತಿಯನ್ನು ಸ್ವಲ್ಪ ಗಾಳಿಯಿಂದ ಆಚೆ ತಿರುಗಿಸಿ, ಮೊದಲು ವೇಗ ಹಿಡಿಯಿರಿ.

ಸೆಂಟರ್‌ಬೋರ್ಡ್‌ನಲ್ಲಿ ಇನ್ನೊಂದು ಸಂಗತಿ ಇದೆ. ಡ್ಯಾಗರ್‌ಬೋರ್ಡ್ ಎತ್ತಿದರೆ ಅದು ಇದ್ದ ಜಾಗದಲ್ಲೇ ಗಿಡ್ಡವಾಗುತ್ತದೆ. ಸೆಂಟರ್‌ಬೋರ್ಡ್ ಮಡಚುತ್ತಾ ಹಿಂದಕ್ಕೆ ಹೋಗುತ್ತದೆ. ನೀರಿನ ಹಿಡಿತವೂ ಹಿಂದಕ್ಕೆ ಸರಿಯುತ್ತದೆ. ಹಾಯಿಯ ತಳ್ಳುವಿಕೆ ಇದ್ದಲ್ಲೇ ಇದೆ. ಹಾಗಾಗಿ ಮೂತಿ ಗಾಳಿಯಿಂದ ದೂರ ತಿರುಗಲು ನೋಡುತ್ತದೆ. ದೋಣಿಯನ್ನು ಗಾಳಿಗೆ ಅಡ್ಡಹಾಯಿಸಿ ಇನ್ನೊಂದು ಬದಿಗೆ ತಿರುಗಿಸುವುದು ಕಷ್ಟವಾಗುತ್ತದೆ. ಮುಂದಿನ ಸಣ್ಣ ಹಾಯಿಯನ್ನು ಒಂದಿಷ್ಟು ಸಡಿಲ ಬಿಡಿ, ದೊಡ್ಡ ಹಾಯಿಯನ್ನು ಎಳೆದುಕೊಳ್ಳಿ. ಸಮತೋಲ ಮರಳುತ್ತದೆ. ಮಜಾ ಏನೆಂದರೆ, ಬೋರ್ಡ್ ಹಿಂದಕ್ಕೆ ವಾಲಿದಾಗ ದೋಣಿ ಒಂದು ಕಡೆ ಎಳೆಯುತ್ತದೆ, ಚುಕ್ಕಾಣಿ ವಾಲಿದಾಗ ಕೈಗೆ ಇನ್ನೊಂದು ರೀತಿಯ ಭಾರ ಬರುತ್ತದೆ. ಎರಡೂ ಒಟ್ಟಿಗೆ ಆದರೆ ಹೊಸಬರಿಗೆ ಏನಾಗುತ್ತಿದೆ ಅಂತಲೇ ತಿಳಿಯುವುದಿಲ್ಲ. ಅದಕ್ಕೇ ಚುಕ್ಕಾಣಿಯನ್ನು ಮೊದಲು ಗಟ್ಟಿ ಮಾಡಿಕೊಳ್ಳಿ ಅನ್ನುವುದು.

ನೀರನ್ನು ಓದುವುದು

ಮಾಂಡೋವಿಯ ತಳ ಕಣ್ಣಿಗೆ ಕಾಣುವುದಿಲ್ಲ. ನೀರು ಕಲಕು. ಬೇರೆ ಗುರುತು ನೋಡಬೇಕು. ಬೆಳ್ಳಕ್ಕಿ ನಿಂತಿದ್ದರೆ ಅಲ್ಲಿ ಒಂದು ಗೇಣಿಗಿಂತ ಜಾಸ್ತಿ ನೀರಿಲ್ಲ. ಸುತ್ತ ನಯವಾಗಿದ್ದು ಒಂದು ಕಡೆ ಮಾತ್ರ ಸಣ್ಣ ಅಲೆ ನೊರೆ ಕಾರುತ್ತಿದ್ದರೆ ದಿಬ್ಬ ಅಲ್ಲೇ ಇದೆ. ದೋಣಿಯ ಹಿಂದಿನ ಅಲೆಯೂ ಹೇಳುತ್ತದೆ. 1 ಮೀಟರ್ ಆಳದ ನೀರಿನಲ್ಲಿ ಅಲೆಗಳು 6 ನಾಟ್‌ಗಿಂತ ಜೋರಾಗಿ ಓಡಲಾರವು. ದೋಣಿ ಆ ವೇಗಕ್ಕೆ ಹತ್ತಿರ ಬಂದಾಗ ಹಿಂದೆ ಅಲೆ ಕಡಿದಾಗಿ ಎದ್ದು, ಯಾರೋ ಹಿಡಿದೆಳೆದ ಹಾಗಾಗುತ್ತದೆ. ಕ್ಯಾಟಮರಾನಿನ ಸಪೂರ ಒಡಲಿಗೆ ಇದು ಕಡಿಮೆ, ಆದರೆ ಗಮನ ಇಟ್ಟರೆ ಗೊತ್ತಾಗುತ್ತದೆ. ನನಗೆ ಎಲ್ಲಕ್ಕಿಂತ ನಂಬಿಕೆ ಗುರುತು ಹಾಕಿದ ಬಿದಿರ ಗಳದ ಮೇಲೆ.

ಹಲಗೆ ನೆಲಕ್ಕೆ ತಾಗಿದರೂ ಪರವಾಗಿಲ್ಲ, ಮಡಚಿಕೊಳ್ಳುತ್ತದೆ ಅಂತ ಎಲ್ಲ ಕಡೆ ಉಜ್ಜಿಕೊಂಡು ಹೋಗಬಾರದು. ಜುವಾರಿಯ ಚಿಕ್ಕಲಿಂ ಕೊಲ್ಲಿಯ ಕೆಸರಿನಲ್ಲಿ ಕಿಟಕಿ ಚಿಪ್ಪು ಬದುಕುತ್ತದೆ. ಗೋವಾದ ಹಳೆ ಮನೆಗಳ ಕಿಟಕಿಗೆ ಗಾಜಿನ ಬದಲು ಹಾಕುತ್ತಿದ್ದ ಅದೇ ತೆಳು ಚಿಪ್ಪು. ಇಳಿತದ ಹೊತ್ತಿಗೆ ಹೆಂಗಸರು ಸೊಂಟದುದ್ದ ನೀರಿನಲ್ಲಿ ಬಗ್ಗಿ ಚಿಪ್ಪಿಕಲ್ಲು ಆರಿಸುತ್ತಿರುತ್ತಾರೆ. ಗೂಟ ನೆಟ್ಟ ಬಲೆಗಳಿರುತ್ತವೆ. ಅವರ ಹೊಟ್ಟೆಪಾಡಿನ ಜಾಗ ಅದು. ಅಲ್ಲಿ ನಾವು ದೂರದಿಂದಲೇ ತಿರುಗಿಬಿಡಬೇಕು. ಆಳವಿಲ್ಲದ ಕಡೆ ಮಗುಚಿದರೆ ಇನ್ನೊಂದು ಕಷ್ಟ. 8 ಮೀಟರಿನ ಕಂಬದ ತುದಿ ಕೆಸರಿಗೆ ನೆಟ್ಟು ಬಾಗುತ್ತದೆ. ಕಂಬದ ತುದಿಗೆ ತೇಲುವ ಡಬ್ಬ ಕಟ್ಟಿ. ಲೈಫ್ ಜಾಕೆಟ್ ನೀರು ಮೊಣಕಾಲುದ್ದ ಇದ್ದರೂ ಮೈಮೇಲಿರಲಿ.

ದಡಕ್ಕೆ ಬರುವಾಗ

ಇಲ್ಲಿ ಕ್ರಮ ತಪ್ಪಬಾರದು. ಮೊದಲು ಹಾಯಿ ಸಡಿಲ, ಆಮೇಲೆ ಹಲಗೆ. ಹಾಯಿ ತುಂಬಿರುವಾಗಲೇ ಚುಕ್ಕಾಣಿ ಎತ್ತಿದರೆ ವೇಗ ಇದೆ, ಹಿಡಿತ ಇಲ್ಲ. ಬೋರ್ಡ್ ಇದ್ದರೆ ದೂರದಲ್ಲೇ ಎತ್ತಿಬಿಡಿ. ಜೊತೆಗಿರುವವರನ್ನು ಮುಂದೆ ಕೂರಿಸಿ. ಹಿಂಬದಿ ಹಗುರವಾಗಿ ಚುಕ್ಕಾಣಿಗೆ ನಾಲ್ಕು ಬೆರಳು ನೀರು ಜಾಸ್ತಿ ಸಿಗುತ್ತದೆ. ನಾನು ಒಂದು ಬದಿಯ ಚುಕ್ಕಾಣಿ ಮೊದಲು ಎತ್ತಿ, ಇನ್ನೊಂದನ್ನು ಕೊನೆಯವರೆಗೆ ಇಳಿಸಿಟ್ಟುಕೊಳ್ಳುತ್ತೇನೆ. ಒಂದು ಪೂರ್ತಿ ಇಳಿದ ಹಲಗೆ ಎರಡು ಅರ್ಧ ಮಡಚಿದ ಹಲಗೆಗಿಂತ ಚೆನ್ನಾಗಿ ತಿರುಗಿಸುತ್ತದೆ, ಕೈಗೂ ಹಗುರ. ಕೊನೆಯ ಹತ್ತು ಮೀಟರಿಗೆ ಅದನ್ನೂ ಎತ್ತಿ. ಟಿಲ್ಲರ್ ಜೋರಾಗಿ ತಿರುಗಿಸಬೇಡಿ. ಮೊಣಕಾಲುದ್ದ ನೀರು ಬಂದ ಮೇಲೆ ಇಳಿದು ಕೈಯಲ್ಲಿ ಹಿಡಿಯಿರಿ. ದೋಣಿಯ ಸಮುದ್ರದ ಬದಿಯಲ್ಲಿ ನಿಲ್ಲಿ. ದಡದ ಬದಿ ನಿಂತರೆ ಅಲೆ ದೋಣಿಯನ್ನು ಕಾಲ ಮೇಲೆ ತಳ್ಳುತ್ತದೆ.

ಆ ಭಾನುವಾರ ನಾವು ಎಡಗಡೆಯ ಚುಕ್ಕಾಣಿಯೊಂದನ್ನೇ ನಂಬಿ ಬಂದೆವು. ಬಲಗಡೆಯದನ್ನು ಪೂರ್ತಿ ಎತ್ತಿ ಕಟ್ಟಿದ ಕೂಡಲೇ ಟಿಲ್ಲರ್ ಮತ್ತೆ ಹಗುರವಾಯಿತು. ಗೆಳೆಯರು ಕೈ ನೋಡಿಕೊಂಡು, “ಅರ್ಧ ಇದ್ದಿದ್ದಕ್ಕಿಂತ ಇಲ್ಲದ್ದೇ ಚಲೋ ಆತಲ್ರೀ” ಅಂದರು. ದಡದಲ್ಲಿ ಸಿಹಿನೀರು ಸುರಿದು ಎರಡೂ ಕೀಲು ತೊಳೆದೆವು. ಮರುದಿನ ಬೆಳಿಗ್ಗೆ ಕೊಕ್ಕೆ ತಕ್ಕಡಿ ಹಾಕಿ ಎಳೆದು ನೋಡಿದೆ. ಎಡಗಡೆಯದು 14 ಕೆಜಿಗೆ ಬಿಟ್ಟಿತು. ಬಲಗಡೆಯದು 9ಕ್ಕೇ ಬಿಟ್ಟಿತು. ಸ್ಕ್ರೂ ಅರ್ಧ ಸುತ್ತು ಬಿಗಿ ಮಾಡಿ ಮತ್ತೆ ಎಳೆದೆ. 12. ಇನ್ನೊಂದು ಕಾಲು ಸುತ್ತು. 14.